ಬೀಜಕ್ಕೆ ಹುಟ್ಟುವ ಅಡಿಕೆ, ಬಳ್ಳಿಗೆ ಹುಟ್ಟುವ ಮೆಣಸು

ಅಡಿಕೆ ಮರದ ಸುಳಿ ಕೊಳೆಯಿತೆಂದರೆ ಆ ಮರದ ಕತೆ ಮುಗಿಯಿತು. ಅದೇ ಮರಕ್ಕೆ ಹಬ್ಬಿದ ಕಾಳುಮೆಣಸಿನ ಕುಡಿ ಚಿವುಟಿದರೆ ಕೆಳಗಿನ ಗಣ್ಣುಗಳಿಂದ ಹೊಸ ಕವಲು ಹೊರಡುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವ ತೋಟಕ್ಕೆ ಇಳಿದರೂ ಈ ಎರಡು ಗಿಡ ಒಂದನ್ನೊಂದು ತಬ್ಬಿಕೊಂಡೇ ಸಿಗುತ್ತವೆ. ತಿನ್ನುವ ಗೊಬ್ಬರ ಒಂದೇ, ನೆನೆಯುವ ಮಳೆ ಒಂದೇ. ಆದರೆ ಬೆಳೆಯುವುದರಲ್ಲಿ, ಹೂ ಕಟ್ಟುವುದರಲ್ಲಿ, ಮರಿ ಮಾಡುವುದರಲ್ಲಿ ಒಂದರ ದಾರಿ ಇನ್ನೊಂದಕ್ಕಿಲ್ಲ. ಸಸಿ ಕೊಳ್ಳುವಾಗ, ಬೀಜ ಆರಿಸುವಾಗ, ಬಳ್ಳಿ ಕತ್ತರಿಸುವಾಗ ಆಗುವ ಎಡವಟ್ಟುಗಳು ಬಹುಪಾಲು ಇದನ್ನು ಮರೆತದ್ದರಿಂದ ಆಗುವಂಥವು.

ಅಡಿಕೆ ಏಕದಳ ಸಸ್ಯ. ಹುಲ್ಲು, ಬಿದಿರು, ಬಾಳೆ, ತೆಂಗುಗಳ ದೊಡ್ಡ ಬಳಗಕ್ಕೆ ಸೇರಿದ್ದು. ಹಲಸು, ಮಾವಿನ ಕಾಂಡದಲ್ಲಿ ತೊಗಟೆಯ ಅಡಿಗೆ ಕೇಂಬಿಯಂ ಎಂಬ ಜೀವಂತ ಪದರವಿದೆ. ಮರ ವರ್ಷ ವರ್ಷ ದಪ್ಪವಾಗುವುದು, ಕಡಿದ ಗಾಯ ಮುಚ್ಚಿಕೊಳ್ಳುವುದು, ಕಸಿ ಕಟ್ಟಿದರೆ ಬೆಸೆಯುವುದು ಎಲ್ಲ ಅದರಿಂದ. ಅಡಿಕೆಗೆ ಆ ಪದರವೇ ಇಲ್ಲ. ಅದಕ್ಕಿರುವುದು ಸುಳಿಯ ಬುಡದಲ್ಲಿ ಅಡಗಿರುವ ಒಂದೇ ಒಂದು ಬೆಳೆಯುವ ಬಿಂದು. ಹಾಗಾಗಿ ಕೊಂಬೆ ಒಡೆಯುವುದಿಲ್ಲ, ಕಸಿ ಹಿಡಿಯುವುದಿಲ್ಲ, ತುಂಡು ಮಾಡಿ ನೆಟ್ಟರೆ ಬೇರು ಬರುವುದಿಲ್ಲ. ಕಾಂಡಕ್ಕೆ ಕತ್ತಿ ತಾಗಿದ ಗುರುತು ಮರ ಇರುವ ತನಕ ಇರುತ್ತದೆ. ನೈಋತ್ಯದ ಇಳಿಬಿಸಿಲಿಗೆ ಕಾಂಡ ಸುಟ್ಟು ಸೀಳುಬಿಟ್ಟರೂ ಅಷ್ಟೇ, ಅದು ಕೂಡುವುದಿಲ್ಲ. ಎಳೆ ಮರಗಳ ಆ ಮೈಗೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಅದಕ್ಕೇ. ಬಿದ್ದ ಮೇಲೆ ಮದ್ದಿಲ್ಲದ ಗಾಯವನ್ನು ಬೀಳದಂತೆಯೇ ನೋಡಿಕೊಳ್ಳಬೇಕು.

ಮರದ ಮೈಮೇಲಿನ ಒಂದೊಂದು ಉಂಗುರವೂ ಒಂದೊಂದು ಸೋಗೆ ಕಳಚಿದ ಜಾಗ. ನೆರಳು ಹೆಚ್ಚಾದಲ್ಲಿ ಉಂಗುರಗಳ ನಡುವಿನ ಗಣ್ಣು ಉದ್ದ, ಬೆಳಕಿದ್ದಲ್ಲಿ ಗಿಡ್ಡ. ತಲೆಯ ಮೇಲೆ ಸಾಮಾನ್ಯವಾಗಿ 7ರಿಂದ 12 ಸೋಗೆ ಇರುತ್ತವೆ. ಪ್ರತಿ ಸೋಗೆಯ ಕಂಕುಳಲ್ಲಿ ಒಂದು ಗೊನೆಗೆ ಅವಕಾಶ, ಎರಡನೆಯದಕ್ಕೆ ಇಲ್ಲ. ಹಾಳೆ ಕಳಚಿ ಬಿದ್ದ ಮೇಲೆ ಅದರ ಹಿಂದೆ ಅಡಗಿದ್ದ ಹೊಂಬಾಳೆ ಕಣ್ಣಿಗೆ ಬೀಳುತ್ತದೆ. ಆದರೆ ಆ ಗೊನೆಯ ಮೊಳಕೆ ಸೋಗೆಯ ಬುಡದಲ್ಲಿ ರೂಪಗೊಂಡದ್ದು ಅದಕ್ಕೆ ಬಹಳ ಮೊದಲೇ. ಇದರಿಂದ ಎರಡು ವಿಷಯ ತಿಳಿಯುತ್ತವೆ. ಈ ವರ್ಷ ನೀರು, ಗೊಬ್ಬರ ತಪ್ಪಿದ್ದರ ಪೆಟ್ಟು ಈ ವರ್ಷದ ಕೊಯ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ, ಮುಂದಿನ ವರ್ಷಗಳಿಗೂ ಉಳಿಯುತ್ತದೆ. ಎರಡನೆಯದು ಎಲೆಚುಕ್ಕಿ ರೋಗದ ಲೆಕ್ಕ. ಈಚಿನ ವರ್ಷಗಳಲ್ಲಿ ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ಒಣಗಿಸುತ್ತಿರುವ ಈ ಶಿಲೀಂಧ್ರ ರೋಗ ತಿನ್ನುವುದು ಎಲೆಯನ್ನು. ಆದರೆ ಗೊನೆ ತುಂಬಿಸುವ ಅಡುಗೆ ನಡೆಯುವುದೇ ಆ ಎಲೆಯಲ್ಲಿ. ಕಾಯಿಗೆ ರೋಗವಿಲ್ಲವಲ್ಲ ಎಂದು ಸುಮ್ಮನಿದ್ದವರಿಗೆ ಮರುವರ್ಷದ ಗೊನೆ ನೋಡಿದಾಗ ಗೊತ್ತಾಗುತ್ತದೆ.

ಈಗ ಹೊಂಬಾಳೆಯೊಳಗಿನ ಹೂಗೊಂಚಲಿಗೆ, ಅಂದರೆ ಸಿಂಗಾರಕ್ಕೆ ಬರೋಣ. ಪೂಜೆಗೆಂದು ತಟ್ಟೆಯಲ್ಲಿಡುವ ಸಿಂಗಾರದ ಒಂದು ಎಸಳನ್ನು ಕೈಗೆ ತೆಗೆದುಕೊಂಡು ನೋಡಿ. ತುದಿಯ ಕಡೆ ದಾರದಂತೆ ಸಪೂರ. ಅದರ ಉದ್ದಕ್ಕೂ ಅಕ್ಕಿನುಚ್ಚಿನಷ್ಟು ಚಿಕ್ಕ, ಕೆನೆಬಣ್ಣದ ಹೂಗಳು. ಅವೆಲ್ಲ ಗಂಡು. ಬುಡದ ಕಡೆ ದಪ್ಪಗೆ, ಹಸಿರಾಗಿ, ಒಂದೊಂದೇ ಬಿಡಿಯಾಗಿ ಕೂತಿರುವ ಮೊಗ್ಗುಗಳು ಹೆಣ್ಣು. ಒಂದು ಸಿಂಗಾರದಲ್ಲಿ ಗಂಡು ಹೂಗಳು ಸಾವಿರಗಟ್ಟಲೆ, ಹೆಣ್ಣು ಕೆಲವು ನೂರು. ಮೊದಲು ಅರಳುವುದು ಗಂಡು. ಕೆಲವು ವಾರ ದಿನಾ ಅರಳಿ ದಿನಾ ಉದುರುತ್ತವೆ. ಬೇಸಿಗೆಯ ಬೆಳಿಗ್ಗೆ ತೋಟದ ನೆಲ ಬೆಳ್ಳಗೆ ಕಾಣುವುದು ಇದರಿಂದಲೇ. ತುಡುವೆ ಜೇನು ಆಗ ಪರಾಗಕ್ಕೆ ಮುತ್ತುತ್ತದೆ. ಗಂಡು ಹೂಗಳೆಲ್ಲ ಉದುರಿಯಾದ ಮೇಲೆ ಅದೇ ಸಿಂಗಾರದ ಹೆಣ್ಣು ಹೂಗಳು ಬಾಯಿ ಬಿಡುತ್ತವೆ, ಅದೂ ಕೆಲವೇ ದಿನ. ಅಂದರೆ ತನ್ನ ಪರಾಗ ತನಗೇ ಒದಗುವ ಸಂದರ್ಭ ಕಡಿಮೆ. ಸಾಮಾನ್ಯವಾಗಿ ಬೇರೆ ಮರದ ಪರಾಗ ಗಾಳಿಯಲ್ಲಿ ತೇಲಿ ಬಂದು ಕಾಯಿ ಕಟ್ಟುತ್ತದೆ. ಹೆಣ್ಣು ಹೂವಿಗೆ ಜೇನು ಅಷ್ಟಾಗಿ ಹೋಗುವುದಿಲ್ಲ. ಅದರ ಕೆಲಸವನ್ನು ಗಾಳಿಯೇ ಮಾಡುತ್ತದೆ.

ಸಿಂಗಾರ ಒಣಗುವ ರೋಗದ ನಡೆಯೂ ಇಲ್ಲೇ ಅರ್ಥವಾಗುವುದು. ಅದರ ಶಿಲೀಂಧ್ರ ಮೊದಲು ಗಂಡು ಹೂಗಳಿರುವ ತುದಿಯಲ್ಲಿ ಹಿಡಿದು, ಎಸಳಿನಲ್ಲಿ ಹಳದಿಯಾಗಿ ಇಳಿಯುತ್ತಾ ಬುಡದ ಹೆಣ್ಣು ಹೂಗಳನ್ನು ಮುಟ್ಟುತ್ತದೆ, ಹರಳು (ಎಳೆಗಾಯಿ) ಉದುರುತ್ತದೆ. ಹರಳು ಉದುರಿದ ಮೇಲೆ ಔಷಧಿ ಹುಡುಕುವುದಕ್ಕಿಂತ ತುದಿ ಹಳದಿಯಾದಾಗಲೇ ನೋಡಬೇಕು. ಹಾಗೆಂದು ಉದುರಿದ ಹರಳೆಲ್ಲ ರೋಗದ್ದಲ್ಲ. ಪರಾಗ ಸಿಗದ ಹೆಣ್ಣು ಹೂವೂ, ಮರಕ್ಕೆ ಸಾಕಲಾಗದಷ್ಟು ಕಟ್ಟಿದ ಕಾಯಿಯೂ ಉದುರಲೇಬೇಕು.

ಗಾಳಿ ಯಾವ ಮರದ ಪರಾಗ ತಂದಿತು ಎಂದು ಕೇಳಲು ಬರುವುದಿಲ್ಲ. ಆದ್ದರಿಂದ ನಿಮ್ಮ ತೋಟದ ಒಳ್ಳೆಯ ಮರದ ಬೀಜಕ್ಕೆ ತಾಯಿ ಮಾತ್ರ ಗೊತ್ತು, ತಂದೆ ಗೊತ್ತಿಲ್ಲ. ಅದೇ ಗೊನೆಯ ಎರಡು ಕಾಯಿಗೆ ಎರಡು ತಂದೆ ಇರಬಹುದು. "ಆ ಮರದ ತಳಿಯೇ ಬೇಕು" ಎಂದು ಸಸಿ ಕೇಳುವವರು ಇದನ್ನು ನೆನಪಿಡಬೇಕು. ಮರ ಆರಿಸುವುದು ವ್ಯರ್ಥ ಎಂದಲ್ಲ, ಅರ್ಧ ಗುಣವಾದರೂ ತಾಯಿಯದು. ಬೇಗ ಫಸಲಿಗೆ ಬಂದ, ವರ್ಷ ಬಿಡದೆ ಕಾಯುವ, ಗಣ್ಣು ಗಿಡ್ಡ ಇರುವ, ತಲೆ ತುಂಬ ಸೋಗೆ ಇರುವ, ಹರಳು ಹೆಚ್ಚು ನಿಲ್ಲುವ ಮರವನ್ನು ಆರಿಸಬೇಕು. ಸುತ್ತಲಿನ ಮರಗಳೂ ಚೆನ್ನಾಗಿರುವ ಜಾಗದಿಂದ ಆರಿಸಿದರೆ ತಂದೆಯ ಪಾಲಿನಲ್ಲೂ ಮೋಸ ಕಡಿಮೆ. ರಸ್ತೆ ಬದಿಯ ಒಂಟಿ ಮರ ಭಾರಿ ಕಾಯುವುದು ತಳಿಯ ಗುಣಕ್ಕಿಂತ ಬಿಸಿಲು, ಜಾಗದ ಗುಣ ಇರಬಹುದು.

ಬೀಜಕ್ಕೆ ಪೂರ್ತಿ ಹಣ್ಣಾದ ಗೋಟು ಬೇಕು. 35 ಗ್ರಾಮಿಗಿಂತ ಹೆಚ್ಚು ತೂಗಬೇಕು. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿಯ ಸಸಿ ಹೆಚ್ಚು ಸೊಂಪು ಎಂಬುದು ವಿಟ್ಲದ ಕೇಂದ್ರದ ಶಿಫಾರಸು. 1956ರಲ್ಲಿ ಅಡಿಕೆ ಸಂಶೋಧನೆಗೆಂದೇ ಆರಂಭವಾದ ಆ ಕೇಂದ್ರ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗ. ಕಾಯಿಯನ್ನು ಒಣಗಿಸದೆ, ಸುಲಿಯದೆ, ಮರಳಿನಲ್ಲಿ ತೊಟ್ಟು ಮೇಲೆ ಬರುವಂತೆ ಒತ್ತೊತ್ತಾಗಿ ಇಟ್ಟು ನೀರು ಕೊಡಬೇಕು. ಭ್ರೂಣ ಕೂತಿರುವುದು ತೊಟ್ಟಿನ ಟೊಪ್ಪಿಯ ಕೆಳಗೆ. ಮೊಳಕೆ ಹೊರಗೆ ಬರುವಾಗ ಒಳಗೊಂದು ಸ್ಪಂಜಿನಂಥ ಗಡ್ಡೆ ಬೆಳೆದು ಅಡಿಕೆಯ ತಿರುಳನ್ನು ಕರಗಿಸಿ ಹೀರುತ್ತದೆ. ನಾವು ಕತ್ತರಿಸಿ ಬಾಯಿಗೆ ಹಾಕಿಕೊಳ್ಳುವ ಅಡಿಕೆ ಎಂದರೆ ಸಸಿಗೆಂದು ತಾಯಿ ಕಟ್ಟಿಕೊಟ್ಟ ಆ ಬುತ್ತಿಯೇ. ಕತ್ತರಿಸಿದ ಹೋಳಿನಲ್ಲಿ ಬಿಳಿಯ ನಡುವೆ ಹರಿದಾಡುವ ಕಂದು ಗೆರೆಗಳು ಬೀಜದ ಸಿಪ್ಪೆ ಒಳಕ್ಕೆ ಮಡಚಿಕೊಂಡ ಗುರುತು. ಎಳೆಯದರಲ್ಲಿ ಒಗರು ಜಾಸ್ತಿ, ಬಲಿತಂತೆ ಕಡಿಮೆ. ಬೇಯಿಸಿ ಬಣ್ಣ ಕಟ್ಟಲು ಹಸಿರಡಿಕೆಯನ್ನೇ ಕೊಯ್ಯುವುದು, ಚೊಗರು ಗಟ್ಟಿಯಾಗುವುದು ಈ ಒಗರಿನಿಂದ.

ಮಿಶ್ರತಳಿ ಗಿಡ್ಡ ಅಡಿಕೆಯ ಬಗ್ಗೆ ಒಂದು ಮಾತು. ಹೀರೇಹಳ್ಳಿ ಗಿಡ್ಡ ಎಂಬ ಕುಳ್ಳ ಮರಕ್ಕೆ ಸುಮಂಗಳ, ಮೋಹಿತ್‌ನಗರದಂಥ ಎತ್ತರದ ತಳಿಗಳ ಪರಾಗ ಸೇರಿಸಿ ವಿಟ್ಲದಲ್ಲಿ ಗಿಡ್ಡ ಮಿಶ್ರತಳಿ ಮಾಡಿದ್ದಾರೆ. ಕೊನೆಗಾರರು ಸಿಗದ ಈ ಕಾಲದಲ್ಲಿ, ದೋಟಿಗೂ ಮರ ಎತ್ತರವಾಯಿತು ಎನ್ನುವವರಿಗೆ ಅದರ ಆಸೆ ಸಹಜ. ಆದರೆ ನಿಮ್ಮ ತೋಟದಲ್ಲಿ ಬೆಳೆದ ಮಿಶ್ರತಳಿಯ ಕಾಯಿಯನ್ನೇ ಮತ್ತೆ ಬಿತ್ತಿದರೆ ಗುಣಗಳೆಲ್ಲ ಚದುರುತ್ತವೆ: ಒಂದು ಉದ್ದ, ಒಂದು ಗಿಡ್ಡ, ಒಂದು ಎರಡೂ ಅಲ್ಲ. ಪ್ರತಿ ಸಲ ಹೊಸದಾಗಿ ಸಂಕರ ಮಾಡಿದ ಬೀಜವೇ ಬೇಕು. ಮಿಶ್ರತಳಿ ಮರದಿಂದ ಉದುರಿದ ಕಾಯಿಯ ಸಸಿಯನ್ನು ಅದೇ ಹೆಸರಿನಲ್ಲಿ ಮಾರಿದರೆ ಅದು ಬೇರೆ ಸರಕು.

ಮೆಣಸಿನ ಬಳ್ಳಿಯದು ಪೂರ್ತಿ ತಿರುಗುಮುರುಗು. ಒಂದೇ ಬಳ್ಳಿಯಲ್ಲಿ ಮೂರು ಬಗೆಯ ಕಾಂಡ ಇರುತ್ತದೆ. ಮರಕ್ಕೆ ಅಂಟಿ ನೆಟ್ಟಗೆ ಏರುವ ಬಳ್ಳಿಗೆ ಗಣ್ಣುಗಣ್ಣಿಗೂ ಅಂಟುಬೇರು. ಅದರಿಂದ ಅಡ್ಡಕ್ಕೆ ಚಾಚುವ ಕವಲಿಗೆ ಅಂಟುಬೇರಿಲ್ಲ. ಫಸಲು ಬರುವುದು ಈ ಕವಲಿನಲ್ಲಿ. ಬುಡದಿಂದ ನೆಲದ ಮೇಲೆ ಓಡುವುದು ಹಬ್ಬುಬಳ್ಳಿ. ಯಾವುದನ್ನು ಕತ್ತರಿಸಿ ನೆಟ್ಟರೋ ಅದರ ಸ್ವಭಾವವೇ ಹೊಸ ಗಿಡಕ್ಕೆ ಬರುತ್ತದೆ. ಅಡ್ಡ ಕವಲು ನೆಟ್ಟರೆ ಅದು ಮರ ಹತ್ತುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ಕಾಳು ಬಿಡುತ್ತದೆ. ಬುಷ್ ಪೆಪ್ಪರ್ ಎಂದು ಮಾರುವುದು ಇದನ್ನೇ. ತೋಟಕ್ಕೆ ಬೇಕಾದದ್ದು ಹಬ್ಬುಬಳ್ಳಿ. ಒಳ್ಳೆಯ ಬಳ್ಳಿಯ ಬುಡಕ್ಕೆ ಗೂಟ ನೆಟ್ಟು, ಹಬ್ಬುಬಳ್ಳಿ ಮಣ್ಣಿಗೆ ತಾಗಿ ಬೇರು ಬಿಡದಂತೆ ಅದಕ್ಕೆ ಸುತ್ತಿಡಬೇಕು. ಫೆಬ್ರುವರಿ–ಮಾರ್ಚ್‌ನಲ್ಲಿ ಕತ್ತರಿಸಿ, ಎಳೆ ತುದಿ ಮತ್ತು ಬಲಿತ ಬುಡ ಬಿಟ್ಟು, ನಡುವಿನ ಭಾಗವನ್ನು ಎರಡು–ಮೂರು ಗಣ್ಣಿನ ತುಂಡು ಮಾಡಿ ಪಾಲಿಥೀನ್ ಚೀಲದಲ್ಲಿ ನೆರಳಿಗಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ನೆಡಲು ಸಿದ್ಧ. ಮರದ ಮೇಲಿಂದ ಜೋತುಬಿದ್ದ ಬಳ್ಳಿ ಸುಲಭಕ್ಕೆ ಸಿಗುತ್ತದೆಂದು ಅದನ್ನು ಬಳಸಬೇಡಿ, ಅದರ ಗಿಡ ಕಾಯುವುದು ಕಡಿಮೆ.

ಹೀಗೆ ಮಾಡಿದ ಗಿಡ ತಾಯಿಯ ಮಗುವಲ್ಲ, ತಾಯಿಯೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಹುಟ್ಟುವ ಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ಬಳ್ಳಿ ಎಷ್ಟು ವರ್ಷ ಸಾಕಿದರೂ ಕಾಳು ಕೊಡದು. ಒಂದೇ ಹೂವಿನಲ್ಲಿ ಎರಡೂ ಇರುವ ಬಳ್ಳಿಗಳನ್ನು ಹಿಂದಿನವರು ಆರಿಸಿ, ತುಂಡು ಮಾಡಿ ನೆಟ್ಟು ಉಳಿಸಿಕೊಂಡರು. ಮಲ್ಲಿಗೆಸರ, ಉದ್ದಗರೆ, ಅರಸಿನಮುರಿಗೆ ಹಾಗೆ ಬಂದವು. ಸಂಕರ ಮಾಡಿ ಬಿಡುಗಡೆ ಮಾಡಿದ ಮೊದಲ ಮೆಣಸು ಪಣಿಯೂರು–1. ಅದರ ಒಂದು ಕರೆಯಲ್ಲಿ (ಹೂ ಕಟ್ಟುವ ತೆನೆಯಲ್ಲಿ) ಹೂಗಳು ಬಹುತೇಕ ಎಲ್ಲವೂ ದ್ವಿಲಿಂಗಿ. ಅಡಿಕೆಯ ಮಿಶ್ರತಳಿಗೆ ಇಲ್ಲದ ಅನುಕೂಲ ಇದಕ್ಕಿದೆ: ಒಮ್ಮೆ ಮಾಡಿದ ಸಂಕರವನ್ನು ಬಳ್ಳಿಯಿಂದ ಎಷ್ಟು ಬೇಕಾದರೂ ಹಂಚಬಹುದು, ಗುಣ ಕೆಡುವುದಿಲ್ಲ.

ಮೆಣಸಿನ ಹೂವಿಗೆ ಎಸಳಿಲ್ಲ, ಪರಿಮಳವಿಲ್ಲ, ಅದನ್ನು ಹೂ ಎಂದು ಗುರುತಿಸುವವರೂ ಕಡಿಮೆ. ಹೊಸ ಎಲೆಗೆ ಎದುರಾಗಿ ಹೊರಟ ಕರೆಯ ಮೇಲೆ ಮೊದಲು ಶಲಾಕೆಯ ಬಿಳಿ ತುದಿ ಕಾಣುತ್ತದೆ, ಕೆಲವು ದಿನ ಕಳೆದು ಪಕ್ಕದಲ್ಲಿ ಪರಾಗದ ಚೀಲ. ಅಡಿಕೆಯಲ್ಲಿ ಗಂಡು ಮೊದಲಾದರೆ ಇಲ್ಲಿ ಹೆಣ್ಣು ಮೊದಲು. ಹೂಗಳು ಕರೆಯ ಬುಡದಿಂದ ತುದಿಗೆ ಸರದಿಯಲ್ಲಿ ಅರಳುತ್ತವೆ. ಕರೆ ತಲೆಕೆಳಗಾಗಿ ನೇತಾಡುವುದರಿಂದ ಬುಡ ಎಂದರೆ ಮೇಲಿನ ತುದಿ. ಮೇಲಿನ ಹೂವಿನ ಪರಾಗದ ಚೀಲ ಒಡೆಯುವಾಗ ಕೆಳಗಿನವು ಸ್ವೀಕರಿಸಲು ತಯಾರು; ಮಳೆಹನಿ ಜಾರುತ್ತಾ ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಇಳಿಸುತ್ತದೆ. ರೋಹಿಣಿ, ಮೃಗಶಿರಾ ಮಳೆಗೆ ಚಿಗುರು ಬಂದು ಕರೆ ಬಿಟ್ಟ ಮೇಲೆ ಕೆಲವು ದಿನ ಮಳೆ ಕೈಕೊಟ್ಟರೆ ಕರೆ ಉದುರುವುದು, ಉಳಿದ ಕರೆಯಲ್ಲಿ ಕಾಳು ಅಲ್ಲೊಂದು ಇಲ್ಲೊಂದು ಕಟ್ಟುವುದು ಇದರಿಂದ. ನೀರಿನ ಅನುಕೂಲ ಇದ್ದವರು ಆ ಬಿಡುವಿನಲ್ಲಿ ಸ್ಪ್ರಿಂಕ್ಲರ್ ತಿರುಗಿಸಿದರೆ ಫಸಲು ಉಳಿಯುತ್ತದೆ. ಶೃಂಗೇರಿಗಿಂತ ಮಳೆ ಕಡಿಮೆ ಇರುವ ನರಸಿಂಹರಾಜಪುರದ ಕಡೆಗೆ ಈ ಮಾತು ಹೆಚ್ಚು ಅನ್ವಯ.

ತಾಯಿಯನ್ನೇ ನಕಲು ಮಾಡುವುದಕ್ಕೂ ಬೆಲೆ ಇದೆ. ತೋಟದ ಬಳ್ಳಿಗಳೆಲ್ಲ ಒಂದೇ ತಳಿಯಾದರೆ ಶೀಘ್ರ ಸೊರಗು ರೋಗ ಹೊಕ್ಕಾಗ ತಡೆದು ನಿಲ್ಲುವ ಬಳ್ಳಿ ಒಂದೂ ಇರದು. ದಕ್ಷಿಣ ಅಮೆರಿಕದ ಜೌಗಿನ ಗಿಡವೊಂದರ ಮೇಲೆ, ನಮ್ಮಲ್ಲಿ ಬ್ರೆಜಿಲ್ ಹಿಪ್ಪಲಿ ಎನ್ನುತ್ತಾರೆ, ಮೆಣಸನ್ನು ಕಸಿ ಕಟ್ಟುವುದು ಅದಕ್ಕೊಂದು ಉಪಾಯ. ಆ ಬೇರು ರೋಗಕ್ಕೆ ಬಗ್ಗುವುದಿಲ್ಲ, ಬೇಸಿಗೆಯ ಒಣಗಿಗೆ ಬಗ್ಗುತ್ತದೆ. ನೀರು ನಿಲ್ಲುವ ತಗ್ಗಿನ ತೋಟಕ್ಕೆ ಸರಿ, ದಿಬ್ಬಕ್ಕೆ ಬೇಡ.

ಅಡಿಕೆಗೆ ಇಂಥ ಕಸಿಯ ದಾರಿ ಇಲ್ಲದ್ದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಹಳದಿ ಎಲೆ ರೋಗ ಬಂದಾಗ ಚೆನ್ನಾಗಿ ತಟ್ಟಿತು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಆಹಾರ ಸಾಗಿಸುವ ನಾಳಗಳಲ್ಲಿ ಕೂತು ಮರವನ್ನು ಸೊರಗಿಸುತ್ತದೆ. ರಸ ಹೀರುವ ಜಿಗಿಹುಳುವೊಂದು ಮರದಿಂದ ಮರಕ್ಕೆ ಒಯ್ಯುತ್ತದೆ. ಹೊರಸುತ್ತಿನ ಸೋಗೆಗಳ ತುದಿ ಹಳದಿಯಾಗಿ, ಕಾಯಿ ಉದುರಿ, ಉಳಿದದ್ದರ ತಿರುಳು ಕಪ್ಪಾಗುತ್ತದೆ. ಗುಣಪಡಿಸುವ ಔಷಧಿ ಇಲ್ಲ. ಆದರೆ ರೋಗ ಹಬ್ಬಿದ ತೋಟಗಳ ನಡುವೆಯೂ ಕೆಲವು ಮರ ಹಸಿರಾಗಿಯೇ ನಿಲ್ಲುತ್ತವೆ. ಬೀಜಕ್ಕೆ ಹುಟ್ಟಿದ್ದರಿಂದ ಮರ ಮರಕ್ಕೂ ಗುಣ ಬೇರೆಯಾಗಿರುವುದು ಇಲ್ಲಿ ಅನುಕೂಲವಾಗಿ ಬಂತು. ಅಂಥ ಮರವನ್ನೇ ನಕಲು ಮಾಡಲು ಸುಳಿ ಕೀಳುವಂತಿಲ್ಲ, ಮರ ಸಾಯುತ್ತದೆ. ಅದಕ್ಕೆ ವಿಜ್ಞಾನಿಗಳು ಇನ್ನೂ ಅರಳದ ಎಳೆ ಸಿಂಗಾರದ ಚೂರುಗಳಿಂದ ಅಂಗಾಂಶ ಕೃಷಿಯಲ್ಲಿ ಸಸಿ ಎಬ್ಬಿಸುವ ವಿಧಾನ ರೂಪಿಸಿದರು: ಒಂದು ಗೊನೆ ಹೋಗುತ್ತದೆ, ಮರ ಉಳಿಯುತ್ತದೆ. ಇನ್ನೊಂದು ದಾರಿ ಹಸಿರು ಮರಕ್ಕೆ ಹಸಿರು ಮರದ ಪರಾಗವನ್ನೇ ಕೊಡುವುದು. ಹೊಂಬಾಳೆ ಬಿರಿದ ಕೂಡಲೇ ಎಸಳುಗಳ ಗಂಡು ತುದಿ ಕತ್ತರಿಸಿ, ಸಿಂಗಾರಕ್ಕೆ ಚೀಲ ಕಟ್ಟಿ, ಹೆಣ್ಣು ಹೂ ಬಾಯಿ ಬಿಡುವ ದಿನಗಳಲ್ಲಿ ಆರಿಸಿದ ಮರದ ಪರಾಗ ಉದುರಿಸಿ ಗೊನೆಗೆ ಗುರುತು ಹಾಕುತ್ತಾರೆ. ಸುಮಾರು ಎಂಟು ತಿಂಗಳಿಗೆ ಕಾಯಿ ಹಣ್ಣಾಗುತ್ತದೆ. ಸಸಿ ಹಸಿರಾಗಿಯೇ ಉಳಿಯುತ್ತದೋ ಇಲ್ಲವೋ ತಿಳಿಯಲು ರೋಗ ಇರುವ ತೋಟದಲ್ಲೇ ನೆಟ್ಟು ಹಲವು ವರ್ಷ ಕಾಯಬೇಕು.