ಹೆಣ್ಣುಮಗುವಿಗೊಂದು ಹೆಸರು

ಹೊರನಾಡ ಕನ್ನಡಿಗರ ಮನೆಯಲ್ಲಿ ಹೆಣ್ಣುಮಗು ಜನಿಸಿತೆಂದರೆ ಊರಿನಿಂದ ಅಜ್ಜಿ ಮುತ್ತಜ್ಜಿಯರ ಹೆಸರು ಬರುತ್ತದೆ. ತಾಯ್ತಂದೆಗಳಿಗಾದರೋ ಶಾಲೆಯಲ್ಲಿ ಇನ್ನಾರಿಗೂ ಇಲ್ಲದ ಹೆಸರು ಬೇಕು. ಈ ಎಳೆದಾಟದಲ್ಲಿ ಸೊರಗುವುದು ಸಾಮಾನ್ಯವಾಗಿ ಅರ್ಥ. ಇಂಪಾದ ಮೂರಕ್ಷರಗಳನ್ನು ಜೋಡಿಸಿ ಅದಕ್ಕೆ ದೇವಿಯೆಂದೋ ಹೂವೆಂದೋ ಅರ್ಥ ಅಂಟಿಸುವ ಪುಸ್ತಕಗಳಿಗೆ ಕೊರತೆಯಿಲ್ಲ. ನಿಘಂಟನ್ನು ಒಮ್ಮೆ ತೆರೆಯುವುದು ಲೇಸು.

ಪದವನ್ನು ಬಿಡಿಸಿದ ಮಾತ್ರಕ್ಕೂ ಅರ್ಥ ಕೈಗೆ ಸಿಕ್ಕದು. 'ಅಪರ್ಣಾ' ಎಂದರೆ ಎಲೆಯಿಲ್ಲದವಳು. ಇಷ್ಟೇ ಕೇಳಿದವರು ಹುಬ್ಬು ಗಂಟಿಕ್ಕಬಹುದು. ಶಿವನಿಗಾಗಿ ತಪಸ್ಸಿಗೆ ನಿಂತ ಪಾರ್ವತಿ ತಾನಾಗಿ ಉದುರಿದ ಎಲೆಯನ್ನು ತಿನ್ನುವುದನ್ನೂ ತೊರೆದುದರಿಂದ ಆ ಹೆಸರು ಬಂದಿತೆಂದು ಕಾಳಿದಾಸನ 'ಕುಮಾರಸಂಭವ' ಹೇಳುತ್ತದೆ. 'ವನಜಾ' ಕಾಡಿನಲ್ಲಿ ಹುಟ್ಟಿದವಳಲ್ಲ. ಸಂಸ್ಕೃತದಲ್ಲಿ 'ವನ'ಕ್ಕೆ ನೀರೆಂಬ ಅರ್ಥವೂ ಉಂಟು, ಆದ್ದರಿಂದ ತಾವರೆ. 'ಅನಾಮಿಕಾ' ಎಂದರೆ ಮಾತ್ರ ನಿಜಕ್ಕೂ ಹೆಸರಿಲ್ಲದವಳೇ. ನಾಮಕರಣದ ದಿನವೇ ಹೆಸರಿಲ್ಲವೆಂದು ಸಾರಿದಂತೆ!

ಅಪೂರ್ವವಾದುದಕ್ಕಾಗಿ ದೂರ ಹೋಗಬೇಕಿಲ್ಲ. ಕಾವೇರಿ, ತುಂಗಾ ಎಲ್ಲರಿಗೂ ಪರಿಚಿತ. ವರದಾ, ಶರಾವತಿ ಅಷ್ಟಾಗಿ ಕೇಳಿಬರುವುದಿಲ್ಲ. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ರಾಮನ ಬಾಣದಿಂದ ಚಿಮ್ಮಿದವಳು ಶರಾವತಿಯೆಂಬುದು ಐತಿಹ್ಯ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ಇಂದಿಗೂ ಹೊಸತಾಗಿಯೇ ಕೇಳಿಸುತ್ತದೆ. ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಅದಕ್ಕಿಂತ ಹಿರಿದು; ಆದರೆ 'ಅಬ್ಬೆ' ಎಂದರೆ ತಾಯಿ, ತೊಟ್ಟಿಲ ಕೂಸಿಗೆ ತುಸು ಭಾರವೇ. ಇನಿದಾದ ಸ್ವರವೆಂಬ 'ಇಂಚರ', 'ಶ್ರೀ'ಯಿಂದ ಬಂದ 'ಸಿರಿ' ಕನ್ನಡದ ಸ್ವಂತ ಸೊಗಸುಳ್ಳವು. ಸಿರಿಯು ತುಳುನಾಡಿನ ಪಾಡ್ದನದ ನಾಯಕಿಯೂ ಹೌದು. 2011ರಿಂದ ಮಾತನಾಡುವ ಫೋನಿಗೂ ಅದೇ ಉಚ್ಚಾರದ ಹೆಸರಿರುವುದನ್ನು ಸಹಿಸಿಕೊಳ್ಳಬೇಕಷ್ಟೆ.

ಪರಸ್ಥಳದಲ್ಲಿ ಬೆಳೆಯುವ ಮಗುವಿನ ಹೆಸರನ್ನು ದಿನವೂ ಕೂಗುವವರು ಅನ್ಯಭಾಷಿಕರು. ಹಿಂದಿಯವರು ಕೊನೆಯ ಅಕಾರವನ್ನು ನುಂಗುವುದರಿಂದ 'ಇಂಚರ'ವು 'ಇಂಚರ್' ಆಗುತ್ತದೆ. 'ಇಂಚರಾ' ಎಂದು ದೀರ್ಘವಾಗಿ ಬರೆದರೆ ಉಳಿಯುತ್ತದೆ. 'ಇಳಾ' ಪುಣೆ, ಚೆನ್ನೈಗಳಲ್ಲಿ ಕ್ಷೇಮ, ದೆಹಲಿಯಲ್ಲಿ 'ಇಲಾ'. ನಮ್ಮವರು ಇಂಗ್ಲಿಷಿನಲ್ಲಿ ತಕಾರಕ್ಕೆ 'ಟಿ'ಯ ಜೊತೆ 'ಎಚ್' ಸೇರಿಸುತ್ತಾರೆ. ಉತ್ತರದವರು ಅದನ್ನು ಥಕಾರವೆಂದು ಓದಿ ಲತೆಯನ್ನು 'ಲಥಾ' ಮಾಡುತ್ತಾರೆ.

ಇದು ಬರಿಯ ಕಿವಿಯ ಮಾತಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟುಗಳಿಗೆ ಹುಟ್ಟಿದ ದಿನ ಹಾಗೂ ಸ್ಥಳದ ಆಧಾರ ಜನನಪತ್ರವೇ. ಅದರಲ್ಲೊಂದು ಕಾಗುಣಿತ, ಶಾಲೆಯಲ್ಲಿ ಇನ್ನೊಂದು ಎಂದಾದರೆ ಮಗಳು ದೊಡ್ಡವಳಾದ ಮೇಲೆ ಕಚೇರಿಗಳನ್ನು ಅಲೆಯಬೇಕಾಗುತ್ತದೆ. ಜನನವನ್ನು 21 ದಿನಗಳೊಳಗೆ ತಿಳಿಸಬೇಕಾದರೂ ಅಂದೇ ಹೆಸರು ಕೊಡಲೇಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಅವಧಿಯಲ್ಲಿ ಹೆಸರನ್ನು ನಾಗರಿಯಲ್ಲೂ ಇಂಗ್ಲಿಷಿನಲ್ಲೂ ಬರೆದು, ನೆರೆಮನೆಯವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ನೋಡಬೇಕು.