ಗುರುಗ್ರಹದ ಉಷ್ಣಮಾನವೂ ಅನುಮಾನಪ್ರಮಾಣವೂ

ಮುಟ್ಟಲಾಗದ ವಸ್ತುವಿನ ಬಿಸುಪನ್ನು ಅಳೆಯುವುದೆಂತು? ನಮ್ಮ ಸರಸ್ವತಿಪುರದಿಂದ ನೋಡುವವರಿಗೆ ಗುರುಗ್ರಹವು ಬೆಳಕಿನ ಒಂದು ಬಿಂದು ಮಾತ್ರ. ಬೆಳಕನ್ನೇ ಲಿಂಗವಾಗಿ ಹಿಡಿದು ಅಂತಹ ದೈತ್ಯಗ್ರಹಗಳ ವಾಯುಮಂಡಲದ ಉಷ್ಣಮಾನವನ್ನು ಸಾಧಿಸುವುದು ಖಗೋಳಜ್ಞರ ಕ್ರಮ. ಇದು ಅನುಮಾನವಾದುದರಿಂದ, ಇದರಲ್ಲಿ ಉಪಾಧಿಯುಂಟೇ ಎಂಬುದು ವಿಚಾರಾರ್ಹವಾಗಿದೆ.

ಗ್ರಹವು ನಕ್ಷತ್ರವೊಂದನ್ನು ಮರೆಸುವಾಗ ನಕ್ಷತ್ರದ ಬೆಳಕು ಥಟ್ಟನೆ ನಂದುವುದಿಲ್ಲ. ಗ್ರಹದ ವಾಯುವಿನಲ್ಲಿ ಬಾಗಿ, ಹರಡಿ, ಕ್ರಮವಾಗಿ ಕುಂದುತ್ತದೆ. ವಾಯುವು ಬಿಸಿಯಾಗಿದ್ದಷ್ಟೂ ಮೇಲಕ್ಕೆ ಹೋದಂತೆ ಅದು ತೆಳುವಾಗುವುದು ನಿಧಾನ. ಬೆಳಕು ಕುಂದುವುದೂ ನಿಧಾನ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಇಂತೊಂದು ನಕ್ಷತ್ರವನ್ನು ಮರೆಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಭಟ್ಟಾಚಾರ್ಯ, ಕುಪ್ಪುಸ್ವಾಮಿ ಎಂಬ ವಿದ್ವಾಂಸರೂ ಅದನ್ನು ವೀಕ್ಷಿಸಿದರು. ಗ್ರಹವು ಅಡ್ಡಬರುವುದಕ್ಕೆ ಮೊದಲೇ ನಕ್ಷತ್ರವು ಮಂಕಾಯಿತು. ಹಲವು ಕಡೆಯ ವೀಕ್ಷಣೆಗಳನ್ನು ಕೂಡಿಸಿ ನೋಡಲು, ಯುರೇನಸ್ಸಿಗೆ ಬಳೆಗಳುಂಟೆಂದು ತಿಳಿದುಬಂದಿತು. ಹುಡುಕಹೊರಟುದು ವಾಯುವನ್ನು, ದೊರೆತುದು ಬಳೆ!

ಇನ್ನು ಉಪಾಧಿಯ ಮಾತು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಸಾಧಿಸಲಾಗದು, ಹಸಿಯ ಸೌದೆಯೂ ಬೇಕು ಎಂಬುದನ್ನು ತರ್ಕವನ್ನೋದಿದವರೆಲ್ಲರೂ ಬಲ್ಲರು. ಹಾಗೆಯೇ, ವಾಯುವು ನಿಧಾನವಾಗಿ ತೆಳುವಾಗುವುದಕ್ಕೆ ಬಿಸಿಯೊಂದೇ ಕಾರಣವಲ್ಲ. ಅಣುಗಳು ಹಗುರವಾಗಿದ್ದರೂ ಹಾಗಾಗುವುದು. ಜಲಜನಕದೊಡನೆ ಹೀಲಿಯಂ ಎಷ್ಟು ಬೆರೆತಿದೆಯೆಂಬುದು ತಿಳಿಯದೆ ಉಷ್ಣಮಾನವು ಸಿದ್ಧಿಸದು. ಗ್ರಹವೇ ಹೊರಸೂಸುವ ಅವರಕ್ತ ಕಿರಣಗಳಿಂದ ಅಳೆಯುವ ಮತ್ತೊಂದು ಮಾರ್ಗದಲ್ಲಿಯೂ, ಕಿರಣವನ್ನು ಸೂಸುವ ಅನಿಲದ ಪ್ರಮಾಣವು ಮೊದಲು ಗೊತ್ತಾಗಿರಬೇಕು.

1979ರಲ್ಲಿ ವಾಯೇಜರ್ ನೌಕೆಗಳು ಗುರುವಿನ ಮರೆಗೆ ಸರಿಯುವಾಗ ಕಳುಹಿದ ರೇಡಿಯೋ ಅಲೆಗಳೂ ನಕ್ಷತ್ರದ ಬೆಳಕಿನಂತೆಯೇ ಅಲ್ಲಿಯ ವಾಯುವಿನಲ್ಲಿ ಬಾಗಿದುವು. ಅವುಗಳಿಂದ, ಒತ್ತಡವು ನಮ್ಮ ಕಡಲಮಟ್ಟದಷ್ಟೇ ಇರುವಲ್ಲಿ ಉಷ್ಣಮಾನವು 165 ಕೆಲ್ವಿನ್, ಎಂದರೆ ಸೊನ್ನೆಗಿಂತ ಸುಮಾರು 108 ಸೆಂಟಿಗ್ರೇಡ್ ಕೆಳಗೆ, ಎಂದು ಊಹಿಸಲಾಯಿತು. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ವಾಯುವಿನೊಳಕ್ಕೇ ಇಳಿದು 166 ಕೆಲ್ವಿನ್ ಎಂದು ಕಂಡಿತು. ಪ್ರತ್ಯಕ್ಷವು ಅನುಮಾನವನ್ನು ಎತ್ತಿಹಿಡಿಯಿತೆಂದು ತೋರಬಹುದು. ಆದರೆ ತೂಕದಲ್ಲಿ ಶೇಕಡಾ 18ರಷ್ಟಿದೆಯೆಂದು ಊಹಿಸಿದ್ದ ಹೀಲಿಯಂ 23ಕ್ಕೂ ಮಿಗಿಲಾಗಿತ್ತು. ಹಳೆಯ ಅಲೆಗಳನ್ನೇ ಹೊಸದಾಗಿ ಗಣಿಸಿ 2022ರಲ್ಲಿ ಪ್ರಕಟಿಸಿದ ಫಲವು 167ರಿಂದ 170 ಕೆಲ್ವಿನ್ನಿನವರೆಗೆ ಏರಿತು. ಶೋಧಕವಾದರೋ ಕಂಡುದು ಇಳಿದ ಒಂದು ಎಡೆಯನ್ನು ಮಾತ್ರ.

ಲಿಂಗವು ಬದಲಾಗಲಿಲ್ಲ, ಉಪಾಧಿಯ ಜ್ಞಾನವು ತಿದ್ದಿತು, ಸಾಧ್ಯವೂ ತಿದ್ದಿತು. ಉಪಾಧಿಪ್ರಕರಣವನ್ನು ಪಾಠಹೇಳುವ ಅಧ್ಯಾಪಕರು ಹಸಿಸೌದೆಯ ಪಕ್ಕದಲ್ಲಿ ಈ ಹೀಲಿಯಮ್ಮನ್ನೂ ಇರಿಸಿಕೊಳ್ಳಬಹುದು.