ಗುಲಾಮಗಿರಿಯ ಅಂತ್ಯ: ಮಾರುಕಟ್ಟೆಯು ಕೊಟ್ಟ ತೀರ್ಪಲ್ಲ

ಕಾಲಕ್ಕೆ ಒಗ್ಗದ ಪದ್ಧತಿಯು ನಷ್ಟಕ್ಕೊಳಗಾಗಿ ತಾನಾಗಿಯೇ ಅಳಿಯುವುದೆಂಬ ನಂಬಿಕೆ ವ್ಯಾಪಾರ ವಲಯದಲ್ಲಿ ಬಲವಾಗಿದೆ. ಗುಲಾಮಗಿರಿಯೂ ಹಾಗೆಯೇ ಕೊನೆಗೊಂಡಿತೆಂದು ಭಾವಿಸುವವರುಂಟು. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ.

18ನೆಯ ಶತಮಾನದ ಅಂತ್ಯದಲ್ಲಿ ಬ್ರಿಟನ್ನಿನ ಗುಲಾಮ ವ್ಯಾಪಾರವು ಉಚ್ಛ್ರಾಯ ಸ್ಥಿತಿಯಲ್ಲಿತ್ತು. ಲಿವರ್‌ಪೂಲಿನ ಹಡಗುಗಳು ಆಫ್ರಿಕಾದಿಂದ ಸೆರೆಯಾಳುಗಳನ್ನು ವೆಸ್ಟ್ ಇಂಡೀಸಿಗೆ ಸಾಗಿಸುತ್ತಿದ್ದವು. ಅಲ್ಲಿಂದ ಸಕ್ಕರೆ ಬರುತ್ತಿತ್ತು. ಬ್ಯಾಂಕು, ವಿಮಾ ಉದ್ದಿಮೆಗಳಿಗೂ ಅದರಲ್ಲಿ ಪಾಲಿತ್ತು.

ಇದನ್ನು ವಿರೋಧಿಸಿ 1787ರಲ್ಲಿ ಲಂಡನ್ನಿನಲ್ಲಿ 12 ಮಂದಿ ಸಮಿತಿಯೊಂದನ್ನು ರಚಿಸಿದರು. ಅವರಲ್ಲಿ ಹಲವರು ವರ್ತಕರೇ ಆಗಿದ್ದರು. ಪಿಂಗಾಣಿ ಉದ್ಯಮಿ ಜೋಸಿಯಾ ವೆಜ್‌ವುಡ್ ಚಳವಳಿಯ ಪದಕಗಳನ್ನು ತಮ್ಮ ಕಾರ್ಖಾನೆಯಲ್ಲಿ ತಯಾರಿಸಿ ಹಂಚಿದರು. 1791ರಲ್ಲಿ ಮಸೂದೆಯು ಸೋತಾಗ ಸಹಸ್ರಾರು ಕುಟುಂಬಗಳು ಗುಲಾಮರು ಬೆಳೆದ ಸಕ್ಕರೆಯನ್ನು ತ್ಯಜಿಸಿದವು. 1796ರಲ್ಲಿ ಕಾಮನ್ಸ್ ಸಭೆಯಲ್ಲಿ ಮಸೂದೆಯು ಕೇವಲ 4 ಮತಗಳಿಂದ ಬಿದ್ದುಹೋಯಿತು. ವ್ಯಾಪಾರದ ನಿಷೇಧವಾದದ್ದು 1807ರಲ್ಲಿ.

ಮುನ್ನಡೆದ ಹೆಜ್ಜೆಯು ಹಿಂದಕ್ಕೂ ಸರಿಯಬಹುದಿತ್ತು. ಫ್ರಾನ್ಸ್ 1794ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತು. 1802ರಲ್ಲಿ ನೆಪೋಲಿಯನ್ ಅದನ್ನು ಪುನಃ ಸ್ಥಾಪಿಸಿದ. ಆಯುಧ ಹಿಡಿದು ಹೋರಾಡಿದ ಹೈಟಿಯ ಜನರು ಮಾತ್ರ 1804ರಲ್ಲಿ ಸ್ವತಂತ್ರರಾದರು. ಉಳಿದ ಫ್ರೆಂಚ್ ವಸಾಹತುಗಳು 1848ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ 1793ರ ಹತ್ತಿ ಬಿಡಿಸುವ ಯಂತ್ರವು ಗುಲಾಮಗಿರಿಯನ್ನು ಇನ್ನಷ್ಟು ಲಾಭದಾಯಕವಾಗಿಸಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ವೇಳೆಗೆ 40 ಲಕ್ಷದ ಸಮೀಪಕ್ಕೆ ಬಂದಿತು. ನೂತನ ಯಂತ್ರವು ಬಿಡುಗಡೆಯನ್ನು ತರಲಿಲ್ಲ. ಅದಕ್ಕೆ ಅಂತರ್ಯುದ್ಧವೇ ಬೇಕಾಯಿತು.

1831ರಲ್ಲಿ ಜಮೈಕಾದ ಗುಲಾಮರು ದಂಗೆಯೆದ್ದ ತರುವಾಯ, 1833ರಲ್ಲಿ ಬ್ರಿಟಿಷ್ ಸಂಸತ್ತು ವಿಮೋಚನಾ ಕಾಯಿದೆಯನ್ನು ಅಂಗೀಕರಿಸಿತು. ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ದೊರೆಯಿತು. ದುಡಿದವರಿಗೆ ಏನೂ ದೊರೆಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳನ್ನು ಆ ಕಾಯಿದೆಯಿಂದ ಹೊರಗಿಡಲಾಗಿತ್ತು. ಭಾರತಕ್ಕೆ ಪ್ರತ್ಯೇಕ ಕಾನೂನು ಬಂದದ್ದು 1843ರಲ್ಲಿ. ಜೀತಪದ್ಧತಿಯ ನಿರ್ಮೂಲನೆಗೆ 1976ರ ಕಾಯಿದೆಯೇ ಬರಬೇಕಾಯಿತು.

ಲಾಭವು ಇರುವಾಗಲೇ ಬೇಡವೆಂದವರಿಂದ, ಬಂಧನವನ್ನು ಸಹಿಸದೆ ಎದ್ದುನಿಂತವರಿಂದ ಈ ಬದಲಾವಣೆ ಸಾಧ್ಯವಾಯಿತು. ಗುತ್ತಿಗೆದಾರನಿಗೆ ಮುಂಗಡ ಕೊಟ್ಟು ಕೂಲಿಕಾರರನ್ನು ಕರೆಸುವ ಇಟ್ಟಿಗೆ ಭಟ್ಟಿ, ಕಲ್ಲುಗಣಿ, ಗಿರಣಿಗಳ ಮಾಲೀಕರು ಈ ಇತಿಹಾಸವನ್ನು ಅರಿಯುವುದು ಒಳಿತು. ಆ ಮುಂಗಡದ ಹೆಸರಿನಲ್ಲಿ ಕೆಲಸ ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಕಾರ್ಮಿಕನು ಕಳೆದುಕೊಂಡಿರುವನೇ ಎಂಬುದನ್ನು ಮಾಲೀಕರೇ ವಿಚಾರಿಸಬೇಕು. ಮಾರುಕಟ್ಟೆಯು ಆ ಪ್ರಶ್ನೆಯನ್ನು ಕೇಳುವುದಿಲ್ಲ.